ಕಹಿಯಿಲ್ಲದ ಬೇರು

ಬುಧವಾರ, ಮಧ್ಯಾಹ್ನ

ನನ್ನ ಅಮ್ಮನಿಗೆ,

ನಾನು, ಮಗು ಇಬ್ಬರೂ ಚೆನ್ನಾಗಿದ್ದೇವೆ. ಅವಳಿಗೆ ಮುಂದಿನ ಹಲ್ಲುಗಳು ಬಂದಿವೆ, ಕೈಗೆ ಸಿಕ್ಕಿದವರನ್ನೆಲ್ಲ ಕಚ್ಚುತ್ತಾಳೆ. ನಾನು ಕನ್ನಡಕದಂಗಡಿಯ ಕೆಲಸಕ್ಕೆ ಮತ್ತೆ ಸೇರಿದ್ದೇನೆ. ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜುವುದು. ಅಲ್ಲಿ ಕಿಟಕಿಯಿಲ್ಲ, ಆದರೂ ನನಗೆ ಉಸಿರು ಸರಾಗ.

ಕಳೆದ ತಿಂಗಳು ನಿನ್ನ ಅಳಿಯದೇವರು ಅಲ್ಲಿಗೆ ಬಂದು ಹೋದರಲ್ಲ, ಬೇರಿನ ಗಂಟನ್ನು ತಾವೇ ತಂದುಕೊಟ್ಟರು. ಇಷ್ಟು ದಿನ ಅವರ ಕಣ್ಣು ತಪ್ಪಿಸಿ, ಮಗುವಿನ ಬಟ್ಟೆಯೊಳಗೆ ಸುತ್ತಿ ನೀನು ಕಳಿಸುತ್ತಿದ್ದ ಗಂಟು! "ಅತ್ತೆ ಕೊಟ್ಟಿದ್ದಾರೆ, ಮರೀದೆ ಕುಡಿ" ಅಂದರು. ನಮ್ಮ ಗುಟ್ಟು ಬಯಲಾಯಿತೇ ಅಂದುಕೊಂಡೆ. ಕಷಾಯ ಬಾಯಿಗಿಟ್ಟ ತಕ್ಷಣ ಗೊತ್ತಾಯಿತಮ್ಮ. ಬಸಿರು ತಡೆಯುವ ಬೇರಿನ ಕಹಿ ಗಂಟಲಲ್ಲೇ ಕೂತುಬಿಡುತ್ತದೆ. ಇದು ಸಪ್ಪೆ, ಕೊನೆಗೆ ಒಂಚೂರು ಸಿಹಿ. ಮಕ್ಕಳಾಗಲೆಂದು ಕೊಡುವ ಬೇರು. ಅಜ್ಜಿಗೆ ಎರಡನ್ನೂ ಕುಟ್ಟಿಕೊಟ್ಟು ಬೆಳೆದವಳು ನಾನು. ನನ್ನ ಕಣ್ಣಿಗೇ ಮಣ್ಣೆರಚಲು ಹೊರಟೆಯಾ?

ಮನೆಗೊಂದು ಗಂಡು ಬೇಕು ಅಂದಿರುತ್ತಾರೆ. ಬೆಣ್ಣೆಯಂಥ ಮಾತು, ನೀನು ಕರಗಿದೆ. ನನಗೆ ಇನ್ನೊಂದು ಬೇಡ ಎಂದು ನಿನಗೆ ಎಷ್ಟು ಸಲ ಹೇಳಿದ್ದೆ. ಹೆರಿಗೆ ಕಷ್ಟವಾಯಿತು ಅಂತ ಮಾತ್ರ ಅಲ್ಲ. ಬೇಡ, ಅಷ್ಟೆ.

ಅಜ್ಜಿ ನೆನಪಾಗುತ್ತಾಳೆ. ನಮ್ಮ ಕಾಡಿನ ಹೆಂಗಸರು ಯಾರೇ ಬೇರು ಕೇಳಿಕೊಂಡು ಬಂದರೂ, ಜೊತೆಗೆ ಬಂದ ಗಂಡ, ಅತ್ತೆ, ಅಮ್ಮ ಎಲ್ಲರನ್ನೂ ಅಂಗಳಕ್ಕೆ ಅಟ್ಟುತ್ತಿದ್ದಳು. ಬಾಗಿಲು ಹಾಕಿ, "ನಿಂಗೇನು ಬೇಕು, ಮಗಳೇ?" ಎಂದು ಕೇಳುತ್ತಿದ್ದಳು. ಉತ್ತರ ಸಿಗುವವರೆಗೆ ಯಾವ ಡಬ್ಬಿಯ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ. ಬೇರುಗಳನ್ನೆಲ್ಲ ನೀನು ಅವಳಿಂದ ಕಲಿತೆ. ಇದೊಂದನ್ನು ಕಲಿಯಲಿಲ್ಲ.

ನಿನ್ನ ಮೇಲೆ ಹೊಟ್ಟೆಯೊಳಗಿಂದ ಸಿಟ್ಟು ಬರುತ್ತಿದೆ. ನಿನ್ನನ್ನು ನೋಡಬೇಕು ಅಂತಲೂ ಅನಿಸುತ್ತಿದೆ. ಆ ಗಂಟನ್ನು ಕಸಕ್ಕೆ ಹಾಕಿದ್ದೇನೆ, ಅದರ ಚಿಂತೆ ಬಿಡು.

ಸಿಟ್ಟಿನಲ್ಲೂ ನಿನ್ನವಳೇ ಆದ
ಮಗಳು

ತಾ.ಕ.: ತಕ್ಷಣ ಗೊತ್ತಾಯಿತು ಎಂದು ಬರೆದದ್ದು ಸುಳ್ಳು. ಆಗ ನನಗೆ ಜೋರು ನೆಗಡಿ, ನಾಲಿಗೆಗೆ ರುಚಿಯೇ ಇರಲಿಲ್ಲ. ನಿನ್ನ ಕೈಯಿಂದ ಬಂದದ್ದು ಎಂದು ನಂಬಿ ಗಂಟಿನ ಮುಕ್ಕಾಲು ಪಾಲು ಕುಡಿದ ಮೇಲೇ, ನೆಗಡಿ ಬಿಟ್ಟು ರುಚಿ ಮರಳಿದಾಗ ತಿಳಿದದ್ದು. ಈ ತಿಂಗಳು ನಾನು ಮುಟ್ಟಾಗಿಲ್ಲ. ಇಲ್ಲಿ ಯಾರಿಗೂ ಹೇಳಿಲ್ಲ. ನೀನು ಬಾ ಅಮ್ಮ. ಯಾವ ಬೇರನ್ನೂ ತರಬೇಡ. ನಿನ್ನ ಅಳಿಯನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಮೊದಲು ನನ್ನನ್ನು ಕೇಳು.