ಅಪ್ಪುವಿನ ಕುಂಚಿಗೆ

ಮುಂಡರಗಿ
೧೪ ಮೇ, ಗುರುವಾರ ಮಧ್ಯಾಹ್ನ

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಹೇಗಿದೆ? ವಾಣಿಶ್ರೀಯ ಬಾಣಂತನವೆಂದು ಬಿಸಿನೀರಿನ ಕೊಡ ನೀನೇ ಎತ್ತಬೇಡ. ಆ ಸಾಂಗ್ಲಿ ಮನೆಯ ಬಚ್ಚಲಿಗೆ ಮೆಟ್ಟಿಲಿವೆ ಎಂದಿದ್ದೆ. ಅವಳಿಗೆ ಹಾಲು ಸರಿಯಾಗಿ ಬರುತ್ತಿದೆಯೇ? ಕೂಸು ಯಾರ ಹಾಗಿದೆ? ಈ ಪತ್ರ ಮಾತ್ರ ತಂಗಿಗೆ ತೋರಿಸಬೇಡ. ಹಸಿ ಬಾಣಂತಿ, ಗಾಬರಿಯಾದಾಳು. ನಾವೆಲ್ಲ ಆರಾಮ ಇದ್ದೇವೆ ಎಂದೇ ಬರೆಯಲು ಕುಳಿತೆ, ಕೈ ಕೇಳುತ್ತಿಲ್ಲ. ಅತ್ತೆ ಉಂಡು ಅಡ್ಡಾಗಿದ್ದಾರೆ. ಅಪ್ಪು ನನ್ನ ತೊಡೆಯ ಮೇಲಿದ್ದಾನೆ. ಅವನನ್ನು ತೊಟ್ಟಿಲಿಗೆ ಹಾಕಲು ನನಗೆ ಧೈರ್ಯವಿಲ್ಲ, ಕಣ್ಣು ಮುಚ್ಚಲೂ ಇಲ್ಲ.

ಹೋದ ರವಿವಾರ ಸಮುದ್ರ ನೋಡಲು ಹೋಗಿದ್ದೆವು. ನಮ್ಮ ಅತ್ತೆ ಹುಟ್ಟಿದಾಗಿನಿಂದ ಸಮುದ್ರ ಕಂಡವರಲ್ಲ. ಅದಕ್ಕೇ ಇವರು ಕ್ರೂಸರ್ ಗಾಡಿ ಮಾಡಿಸಿದರು. ನಸುಕಿನಲ್ಲಿ ಬಿಟ್ಟು, ಗೋಕರ್ಣದಲ್ಲಿ ದೇವರಿಗೆ ಕೈ ಮುಗಿದು, ದಂಡೆಯ ಗುಡ್ಡ ಹತ್ತಿದೆವು. ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಕೆಳಗೆ ನೀರೇ ನೀರು, ನಡುವೆ ಕೆಂಪು ಕಲ್ಲಿನ ಕಾಲುದಾರಿ. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ನನಗಿಂತ ಮುಂದೆ ನಡೆದರು. “ಏನ್ ನೀರ್ ಐತೋ ವೀರು! ಇದನ್ನ ನಮ್ಮ ಹೊಲಕ್ಕ ತಿರುವಾಕ ಬರಂಗಿಲ್ಲೇನು?” ಎಂದು ಕೂಗಿದಾಗ ಎದುರಿಗೆ ಬರುತ್ತಿದ್ದವರೂ ನಕ್ಕರು. ಅವರನ್ನು ಅಷ್ಟು ಖುಷಿಯಾಗಿ ನಾನು ಎಂದೂ ನೋಡಿರಲಿಲ್ಲ ಅವ್ವಾ. ಅವರು ಕೆಟ್ಟವರಲ್ಲ. ಅದಕ್ಕೇ ನನಗೆ ಇಷ್ಟು ಕಷ್ಟವಾಗಿದೆ.

ಗುಡ್ಡದ ಮೇಲೆ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ ಅರಿವೆಯ ಹಾಗೆ ಮೆತ್ತಗಾಗಿದ್ದವು. ಮನೆಯಲ್ಲಿ ತಿಂಗಳಿಟ್ಟರೂ ಲಟಕ್ಕೆಂದು ಮುರಿಯುವ ರೊಟ್ಟಿ! ಅತ್ತೆ ಒಂದನ್ನು ಎತ್ತಿ ಜೋತುಬಿಟ್ಟು ನೋಡಿ, ಮುಖ ಸಣ್ಣದು ಮಾಡಿದರು. “ನಮ್ಮ ಕಪ್ಪತ್ತಗುಡ್ಡದ ಗಾಳಿ ಔಷಧ. ಇದು ಹಾಳ ಗಾಳಿ. ರೊಟ್ಟಿನ ಬಿಡಲಿಲ್ಲ, ಕೂಸಿನ್ನ ಬಿಡ್ತೈತೇನು?” ಎಂದವರೇ, ನೀನು ಹೊಲಿದುಕೊಟ್ಟ ಖಣದ ಕುಂಚಿಗೆಯನ್ನು ಅಪ್ಪುವಿನ ತಲೆ, ಕಿವಿ, ಬೆನ್ನು ಮುಚ್ಚುವಂತೆ ಕಟ್ಟಿದರು. ಕಿವಿಗೆ ಅರಳೆ ಇಟ್ಟರು, ಮೇಲೆ ಉಲ್ಲನ್ ಶಾಲು ಸುತ್ತಿದರು. ನಾನು ಒಮ್ಮೆ ಬಿಚ್ಚಿದೆ, ಅವರು ಮತ್ತೆ ಕಟ್ಟಿದರು. ಇನ್ನೊಮ್ಮೆ ಬಿಚ್ಚಲು ಹೋದಾಗ ಇವರು “ಇರಲಿ ಬಿಡ” ಎಂದರು. ನಾನು ಬಿಟ್ಟೆ.

ಇಳಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಗಾಳಿ ಬೀಸುತ್ತಿದ್ದರೂ ಮೈಯೆಲ್ಲ ಬೆವರಿ ಅಂಟುತ್ತಿತ್ತು. ಅಪ್ಪು ಅಳುವುದು ನಿಂತಾಗ ಮಲಗಿದನೆಂದುಕೊಂಡೆ. ಶಾಲು ಸರಿಸಿದರೆ ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು, ಕೈಕಾಲು ಸೆಟೆದು ಜಗ್ಗುತ್ತಿದ್ದವು, ಮೈ ಹಂಚಿನ ಹಾಗೆ ಸುಡುತ್ತಿತ್ತು. ಆ ದಾರಿ ಹೇಗೆ ಇಳಿದೆನೋ ನೆನಪಿಲ್ಲ. ಕೆಳಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಮಾಡಿದ ಕೆಲಸವೆಂದರೆ ಕುಂಚಿಗೆ ಬಿಚ್ಚಿ ಎಸೆದದ್ದು. “ಮಗುವಿಗೆ ಗಾಳಿ ಹಿಡಿದಿಲ್ಲ, ಗಾಳಿಯೇ ಸಿಕ್ಕಿಲ್ಲ” ಎಂದರು. ಸೆಕೆ ಮೈಗೇರಿ ಬಂದ ಫಿಟ್ಸ್. ತೆಳು ಅಂಗಿ ಹಾಕಿ, ಹಾಲು ಕುಡಿಸುತ್ತಿರಿ, ಮತ್ತೆ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ ಎಂದು ಹೇಳಿದರು. ಸಂಜೆಯ ಹೊತ್ತಿಗೆ ಅಪ್ಪು ನನ್ನ ಸರ ಜಗ್ಗಿ ನಕ್ಕ.

ಆದರೆ ಅತ್ತೆಗೆ ಡಾಕ್ಟರ ಮಾತು ಹತ್ತಲಿಲ್ಲ. ಹೆಣ್ಣುಮಗಳು, ಇನ್ನೂ ಸಣ್ಣಾಕಿ, ಆಕೀಗೇನ್ ಗೊತ್ತು ಎಂದರು. ನಿನ್ನೆ ಅಪ್ಪು ನಿದ್ದೆಯಲ್ಲಿ ಬೆಚ್ಚಿಬಿದ್ದ. ಎಲ್ಲ ಕೂಸುಗಳೂ ಬೆಚ್ಚುತ್ತವೆ, ಅಲ್ಲವೇ ಅವ್ವಾ? ಅತ್ತೆ ಅದನ್ನು ನೋಡಿದ್ದೇ ನೋಡಿದ್ದು, ಸಮುದ್ರದ ಗಾಳಿ ಇನ್ನೂ ಮೈಯಲ್ಲೇ ಇದೆ ಎಂದುಬಿಟ್ಟರು. ನಾಡಿದ್ದು ಅಮಾವಾಸ್ಯೆ. ಹೊಳೆಯ ಕಡೆಯ ಊರಿನಲ್ಲಿ ಬರೆ ಹಾಕುವ ಒಬ್ಬ ಮುದುಕನಿದ್ದಾನಂತೆ, ಬಳೆಯ ಚೂರು ಕಾಯಿಸಿ ಹೊಟ್ಟೆಗೆ ಇಡುತ್ತಾನಂತೆ. ಗಾಡಿಗೆ ಹೇಳಿಯೂ ಆಗಿದೆ. ನಾನು ಅತ್ತು ಕರೆದೆ, ಜಗಳವಾಡಿದೆ, ಕಾಲು ಹಿಡಿದೆ. ಇವರು ತಲೆ ತಗ್ಗಿಸಿ “ಅವ್ವನ ಸಮಾಧಾನಕ್ಕ ಒಂದ್ ಸಣ್ಣ ಬರಿ, ಅಷ್ಟ” ಎನ್ನುತ್ತಾರೆ. ಅಷ್ಟ!

ಅತ್ತೆಯ ಒಂದು ಮಾತಿಗೆ ಮಾತ್ರ ನನ್ನ ಬಾಯಿ ಕಟ್ಟಿತು. ನನ್ನ ಬಾಣಂತನದಲ್ಲಿ ಎಣ್ಣೆ ಹಚ್ಚುವಾಗ ಅವರು ನನ್ನ ಹೊಟ್ಟೆಯ ಮೇಲಿನ ಕಲೆ ನೋಡಿದ್ದಾರೆ. “ನಿಮ್ಮವ್ವ ನಿನಗ ಬರಿ ಕೊಡಿಸಿಲ್ಲೇನು? ಬದುಕಿದಿ, ಬಿ.ಎಸ್ಸಿ. ಓದಿದಿ, ಈಗ ನನಗ ಬುದ್ಧಿ ಹೇಳಾಕ ಬಂದಿ!”

ಫೋನಿನಲ್ಲಿ ಇದನ್ನೆಲ್ಲ ಹೇಳಲಾರೆ. ಇಲ್ಲಿ ಅತ್ತೆ ಪಕ್ಕದಲ್ಲೇ ಕೂರುತ್ತಾರೆ, ಅಲ್ಲಿ ತಂಗಿ ಇರುತ್ತಾಳೆ. ಓಣಿಯ ಮೌನೇಶಣ್ಣ ಇವತ್ತು ಸಾಂಗ್ಲಿಗೆ ಲಾರಿ ಒಯ್ಯುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ವಾಣಿಶ್ರೀಯ ಕೂಸಿಗೆ ದೊಡ್ಡಮ್ಮನ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು
ಶಾಂಭವಿ

ತಾ.ಕ.: ಮೌನೇಶಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಅವ್ವಾ, ಇದನ್ನು ಓದಿದ ಕೂಡಲೇ ಫೋನು ಮಾಡು. ನನಗಲ್ಲ, ಅತ್ತೆಗೆ. ಒಮ್ಮೆ ಶಾವಿಗೆ ಒಣಹಾಕುತ್ತ ನೀನೇ ಹೇಳಿದ್ದೆಯಲ್ಲ, ಆ ಬರೆ ಕೀವಾಗಿ ನಾನು ಹಾಲು ಬಿಟ್ಟಿದ್ದು, ಗದಗಿನ ದವಾಖಾನೆಯಲ್ಲಿ ನೀನು ಅಪ್ಪನಿಗೂ ಹೇಳದೆ ಅತ್ತಿದ್ದು. ನನ್ನನ್ನು ಉಳಿಸಿದ್ದು ಬರೆಯಲ್ಲ ಎಂದು ಕಣ್ಣಾರೆ ಕಂಡವಳು ನೀನೊಬ್ಬಳೇ. ಬೀಗರ ಮುಂದೆ ಹೇಳಲು ನಾಚಿಕೆಯಾಗುತ್ತದೆ, ಗೊತ್ತು. ಆದರೂ ಬಾಯಿಬಿಟ್ಟು ಹೇಳು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ಎಂದೂ ಇರಲಿಲ್ಲ. ಅಪ್ಪುವಿನ ಹೊಟ್ಟೆ ಇನ್ನೂ ನುಣ್ಣಗಿದೆ ಅವ್ವಾ.