ಬಸ್ತ್ಯಾಂವನ ಕಂಬ

ಶಿರಸಿ
ಮಾರ್ಚ್ 6, 1966, ಭಾನುವಾರ

ಪ್ರೀತಿಯ ಬಸ್ತ್ಯಾಂವ ದಾದಾ,

ನಿನ್ನ ಗರಗಸದ ಜೋಡಿ ಇನಾಸ ಕೈಮುಗಿದು ಬರೆಯುವುದು. ನಾನು ಆರೋಗ್ಯವಾಗಿದ್ದೇನೆ. ಸಾಮಿಲ್ಲಿನ ಕೆಲಸ ನಡೆದಿದೆ.

ಈ ಪತ್ರವನ್ನು ನೀನು ಓದಲಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನ ಮಗಳು ಕತ್ರೀನ್ ಓದಬೇಕು. ಆದ್ದರಿಂದ ಅವಳಿಗೊಂದು ಮಾತು. ಕತ್ರೀನ್, ಇಲ್ಲಿಗೆ ನಿಲ್ಲಿಸಿ ಪತ್ರ ಮಡಚಿಡು. ಉಳಿದದ್ದನ್ನು ಮನೆಯಲ್ಲಿ ಓದಬೇಡ. ಬರುವ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಜನ ಎದ್ದು ಹೋಗುವ ಮೊದಲು, ಇಗರ್ಜಿಯ ನಡುವಿನ ಕಂಬದ ಪಕ್ಕದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದು. ಮಧ್ಯದಲ್ಲಿ ಅಪ್ಪ "ಸಾಕ್ ಬಿಡವ್ವಾ" ಅಂದೇ ಅನ್ನುತ್ತಾನೆ. ನಿಲ್ಲಿಸಬೇಡ.

ದಾದಾ, ನಾನು ಪತ್ರಿಕೆ ಓದಿ ಬೆಳೆದವನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ನನ್ನ ಅಕ್ಷರ ಉಳಿದದ್ದು ಗಿರಿಜವ್ವನ ಚಹಾದಂಗಡಿಯಲ್ಲಿ. ಯಲ್ಲಾಪುರದ ಬಸ್ಸಿನಲ್ಲಿ ಎರಡು ದಿನ ಹಳೆಯದಾಗಿ ಬರುತ್ತಿದ್ದ ಪತ್ರಿಕೆಯನ್ನು ನಾನು ಓದಿ ಹೇಳುತ್ತಿದ್ದೆ, ನೀನು ಗರಗಸದ ಹಲ್ಲಿಗೆ ಅರ ಹಾಕುತ್ತಾ ಕೇಳುತ್ತಿದ್ದೆ. ಯಾವ ದಿನ, ಯಾವ ಊರು, ಕಂಡವರು ಯಾರು ಎಂಬುದಿಲ್ಲದ ಸುದ್ದಿ ಸುದ್ದಿಯಲ್ಲ ಎಂಬುದನ್ನು ಅಲ್ಲಿಯೇ ಕಲಿತೆ. ನನಗೆ ಬರುವುದು ಅದೊಂದೇ ರೀತಿ. ಇದನ್ನೂ ಹಾಗೆಯೇ ಬರೆಯುತ್ತೇನೆ.

ಇಗರ್ಜಿಯಲ್ಲಿ ಕೂತ ಹೆಂಗಸರು, ಮಕ್ಕಳು ನಮ್ಮ ಕಸಬನ್ನು ಹತ್ತಿರದಿಂದ ಕಂಡವರಲ್ಲ. ಅವರಿಗಾಗಿ ನಾಲ್ಕು ಮಾತು. ನೆಲದಲ್ಲಿ ಆಳುದ್ದದ ಹೊಂಡ ತೆಗೆದು, ಅದರ ಮೇಲೆ ಅಡ್ಡಮರ ಇಟ್ಟು ದಿಮ್ಮಿಯನ್ನು ಉರುಳಿಸಿ ತರುತ್ತಾರೆ. ಮಸಿ ಅದ್ದಿದ ನೂಲನ್ನು ಬಿಗಿದು ದಿಮ್ಮಿಯ ಮೇಲೆ ಗೆರೆ ಹೊಡೆಯುತ್ತಾರೆ. ಒಬ್ಬ ದಿಮ್ಮಿಯ ಮೇಲೆ ನಿಲ್ಲುತ್ತಾನೆ, ಇನ್ನೊಬ್ಬ ಹೊಂಡದಲ್ಲಿ. ನಡುವೆ ಆಳೆತ್ತರದ ಗರಗಸ. ದಿಮ್ಮಿಯ ಮೇಲಿದ್ದವನು ಗೆರೆ ನೋಡಿ ನಡೆಸುತ್ತಾನೆ. ಹೊಂಡದಲ್ಲಿದ್ದವನಿಗೆ ಗೆರೆ ಕಾಣುವುದಿಲ್ಲ. ಗರಗಸ ಬಂದಾಗ ನೆಟ್ಟಗೆ ಎಳೆಯಬೇಕು, ಎಳೆದು ಬಿಟ್ಟುಕೊಡಬೇಕು, ಅಷ್ಟೇ ಅವನ ಕೆಲಸ. ಉದುರುವ ಹುಡಿಯೆಲ್ಲ ಅವನ ತಲೆ, ಮೂಗು, ಕಣ್ಣಿಗೆ. ಅದಕ್ಕಾಗಿಯೇ ಮಧ್ಯಾಹ್ನದ ಊಟವಾದ ಮೇಲೆ ಜಾಗ ಬದಲಾಯಿಸಿಕೊಳ್ಳುವುದು ಕಸಬಿನ ಪದ್ಧತಿ. ಅರ್ಧ ದಿನದ ಹುಡಿ ಒಬ್ಬನಿಗೆ, ಉಳಿದರ್ಧ ಇನ್ನೊಬ್ಬನಿಗೆ.

ನಾನು ನಿನ್ನ ಜೋಡಿಯಾದದ್ದು 1953ರಲ್ಲಿ, ಇಡಗುಂದಿಯ ಹತ್ತಿರ ಮರ ಕಡಿಯುವ ಕಾಡಿನ ಕೂಪಿನಲ್ಲಿ. ಮೊದಲ ದಿನ ಊಟವಾದ ಮೇಲೆ ನಾನು ಹೊಂಡಕ್ಕೆ ಇಳಿಯಲು ಹೋದೆ. ನೀನು ಆಗಲೇ ಇಳಿದಿದ್ದೆ. "ನೀ ಮ್ಯಾಲ ನಿಲ್ಲು. ನಿನ್ನ ಕಣ್ಣ ಇನ್ನಾ ಎಳೇವು" ಅಂದೆ. ಕಸಬು ಕಲಿಯುವ ತನಕ ಇರಬೇಕು ಅಂದುಕೊಂಡೆ. ಕಸಬು ಕಲಿತೆ, ಮೀಸೆ ಬಂತು, ಮದುವೆಯಾಯಿತು. ನೀನು ಹೊಂಡದಲ್ಲಿಯೇ ಇದ್ದೆ. ಒಂಬತ್ತು ವರ್ಷಗಳಲ್ಲಿ ನಾನು ಕೆಳಗೆ ನಿಂತದ್ದು ಹನ್ನೊಂದು ದಿನ, ನಿನ್ನ ಕಾಲಿಗೆ ಕೊಡಲಿ ತಾಗಿ ಇಳಿಯಲಾಗದಿದ್ದಾಗ. ಅದು ನನಗೆ ದೊಡ್ಡ ವಿಷಯವೆಂದೇ ಅನ್ನಿಸಿರಲಿಲ್ಲ. ದಿನವೂ ಕಾಣುವುದನ್ನು ಯಾರು ನೋಡುತ್ತಾರೆ?

ಈಗ ವಿಷಯಕ್ಕೆ ಬರುತ್ತೇನೆ.

1958ರಲ್ಲಿ ನಮ್ಮ ಕೇರಿಯ ಇಗರ್ಜಿಗೆ ಗೋಡೆ ಎದ್ದಿತ್ತು. ಮಾಡಿನ ನೆತ್ತಿಗೆ ತೊಲೆ ಬೇಕಾಗಿತ್ತು. ಅರಣ್ಯ ಇಲಾಖೆಯ ಪಾಸಿನ ಮೇಲೆ ಸಿಕ್ಕಿದ್ದು ಒಂದೇ ಒಂದು ಸಾಗುವಾನಿ ದಿಮ್ಮಿ, ಇಪ್ಪತ್ತಾರು ಅಡಿ, ಗಂಟಿಲ್ಲದ್ದು. ಅದನ್ನು ಕೊಯ್ಯುವ ಭಾಗ್ಯ ನಮ್ಮ ಜೋಡಿಗೆ ಬಂತು. ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ಉಪವಾಸದ ಕಾಲ ಅದು. ನಮ್ಮಂಥ ಕಷ್ಟದ ದುಡಿಮೆಯವರಿಗೆ ಉಪವಾಸದ ಕಟ್ಟಳೆಯಿಲ್ಲವೆಂದು ಪಾದ್ರಿಯವರೇ ಹೇಳಿದ್ದರು. ಆದರೂ ನಾನು ಎಲ್ಲರ ಎದುರು ಘೋಷಿಸಿದೆ. ಬೀಡಿ ಬಿಟ್ಟೆ. ಇಗರ್ಜಿಯ ತೊಲೆ ಕೊಯ್ದು ಮುಗಿಯುವ ತನಕ ಹೊತ್ತು ಮುಳುಗುವವರೆಗೆ ಹನಿ ನೀರೂ ಮುಟ್ಟುವುದಿಲ್ಲ ಅಂದೆ. ಹೆಂಗಸರು ನನ್ನನ್ನು ತೋರಿಸಿ ತಮ್ಮ ಗಂಡಂದಿರಿಗೆ ಬುದ್ಧಿ ಹೇಳಿದರು. ನನಗೆ ಅದು ಹಿತವಾಗಿತ್ತು, ಸುಳ್ಳು ಯಾಕೆ ಬರೆಯಲಿ?

ನೀನು ಮಾತ್ರ ಮಧ್ಯಾಹ್ನವಾದ ಕೂಡಲೇ ಹೊಂಡದಿಂದ ಎದ್ದು ಬಂದು ಮಡಕೆಯ ಗಂಜಿ ಬಿಚ್ಚುತ್ತಿದ್ದೆ. ನಮ್ಮ ತಂಡದ ಚೌಡ ನಮ್ಮ ಧರ್ಮದವನಲ್ಲ, ಬಾಯಿ ಮಾತ್ರ ಎಲ್ಲ ಧರ್ಮಗಳಿಗೂ ಸಾಲುವಷ್ಟಿತ್ತು. "ಏನೋ ಬಸ್ತ್ಯಾಂವಾ, ಇನಾಸ ಬೀಡಿ ಬಿಟ್ಟ, ಅನ್ನ ಬಿಟ್ಟ, ನೀರ್ ಬಿಟ್ಟ. ನೀ ಏನ್ ಬಿಟ್ಟೀಯೋ? ನಾಚಿಗಿ ಬಿಟ್ಟಿ ಏನು?" ಅಂದ. ನೀನು ಗಂಜಿಯ ಮೇಲೆ ಶಿಲುಬೆಯ ಗುರುತು ಹಾಕಿ, ಅವನ ಮುಂದೆ ಉಪ್ಪಿನಕಾಯಿ ಹಿಡಿದು "ತಗೋ, ನೀನರ ಬಾಯಿ ಮುಚ್ಚೂದು ಕಲಿ" ಅಂದು ನಕ್ಕೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದೆ: "ಗೆರಿ ನೋಡಾಂವ ಉಣಬೇಕೋ ಇನಾಸ." ನಾನು ಕೇಳಿಸದವನಂತೆ ಕುಳಿತೆ.

ಮಾರ್ಚ್ ಹದಿನೇಳು, ಸೋಮವಾರ. ಬಿಸಿಲು ಜೋರಾಗಿತ್ತು. ದಿಮ್ಮಿಯ ಮೇಲೆ ನಿಂತ ನನಗೆ ಎರಡು ಗಂಟೆಯ ಸುಮಾರಿಗೆ ಕಣ್ಣು ಮಂಜಾಯಿತು, ಗೆರೆ ಎರಡಾಗಿ ಕಂಡಿತು. ನಿಲ್ಲಿಸು ಎನ್ನಬಹುದಿತ್ತು. ಎಲ್ಲರ ಎದುರು ಕೂತು ನೀರು ಕೇಳಲು ನನಗಾಗಲಿಲ್ಲ. ಎರಡು ಗೆರೆಗಳಲ್ಲಿ ಒಂದನ್ನು ಹಿಡಿದು ಕೊಯ್ದೆ. ನೀನು ಕೆಳಗೆ ನಂಬಿ ಎಳೆದೆ. ಹನ್ನೊಂದು ಅಡಿ ದಾಟಿದಾಗ ಕಣ್ಣು ತಿಳಿಯಾಯಿತು. ಗರಗಸ ಎರಡೂವರೆ ಇಂಚು ಒಳಗೆ, ತೊಲೆಯ ಮೈಯಲ್ಲಿತ್ತು.

ಮೇಸ್ತ್ರಿ ಅಂದಾನಪ್ಪ ಓಡಿ ಬಂದ, ಜನ ಸೇರಿದರು. ಯಾರೂ ಬಾಯಿ ಬಿಡುವ ಮೊದಲೇ ಹೊಂಡದಿಂದ ನಿನ್ನ ದನಿ ಬಂತು: "ನನ್ನ ಕಣ್ಣಾಗ ಹುಡಿ ಬಿತ್ತರಿ ಮೇಸ್ತ್ರಿ. ಕೈ ತಿರುವಿತು. ತಪ್ಪು ನಂದ." ಅಂದಾನಪ್ಪ ನಂಬಲಿಲ್ಲ. "ಮೂವತ್ತ ವರ್ಷ ಕೊಯ್ದಾಂವ ಹಿಂಗ ತಿರುವ್ತಾನೇನು? ಇನಾಸ, ನೀ ಏನಂತಿ?" ಎಂದು ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಬೆಣೆಯನ್ನು ನೋಡುತ್ತಾ "ನನಗ ಗೊತ್ತಾಗ್ಲಿಲ್ರಿ" ಅಂದೆ.

ಅದೊಂದು ಮಾತು, ದಾದಾ. ಎಂಟು ವರ್ಷ ಅದನ್ನು ತಿದ್ದಲಿಲ್ಲ.

ಗರಗಸ ಮೇಲಿನಿಂದ ಮೊದಲು ಸರಿಯಿತೋ ಕೆಳಗಿನಿಂದ ಮೊದಲು ಸರಿಯಿತೋ ಎಂಬುದು ಹಲ್ಲಿನ ಗೀರಿನಲ್ಲಿ ಉಳಿದಿರುತ್ತದೆ. ತೊಲೆಯ ಪಕ್ಕದಿಂದ ಕೊಯ್ದ ಹಲಗೆಯನ್ನು ಕಸಬಿನವನು ತಿರುಗಿಸಿ ನೋಡಿದರೆ ಸಾಕು. ನಾಳೆ ಬೆಳಿಗ್ಗೆ ನೋಡುತ್ತೇನೆ ಎಂದು ಅಂದಾನಪ್ಪ ಹೋದ. ನೀನು ಅಂದು ಸಂಜೆಯೇ ಆ ಹಲಗೆಯನ್ನು ಬಿಡಿಸಿ, ಕೊಡಲಿಯಿಂದ ಸೀಳಿ, ಗಂಜಿಯ ಒಲೆಗೆ ಹಾಕಿದೆ. ಕೆಟ್ಟ ಮೈ ಸರಿಮಾಡುತ್ತೇನೆಂದು ತೊಲೆಯನ್ನೂ ಬಾಚಿಯಿಂದ ಹೆರೆದೆ. ಗೀರು ಉಳಿಯಲಿಲ್ಲ. ದೇವರ ತೊಲೆ ಕೆಡಿಸಿ, ದೇವರ ಸಾಗುವಾನಿಯಲ್ಲಿಯೇ ಗಂಜಿ ಬೇಯಿಸಿಕೊಂಡ ಎಂದು ಕೇರಿ ಆಡಿಕೊಂಡಿತು. ಉಪವಾಸದ ದಿನಗಳಲ್ಲಿ ಉಂಡವನ ಕೈಯನ್ನು ದೇವರೇ ತಿರುವಿದ ಅಂದರು. ನಾನು ಅಲ್ಲಿಯೇ ಇದ್ದೆ. ಕೇಳಿದೆ.

ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಶಿಲುಬೆ ಹೊರುವವನು ನೀನು, ನಿನಗೆ ಮೊದಲು ನಿನ್ನ ಅಪ್ಪ. ಆ ವರ್ಷ ಹಿರಿಯರು ಸೇರಿ ಅದನ್ನು ನಿನ್ನಿಂದ ತೆಗೆದು, ಉಪವಾಸ ಮಾಡಿದವನಿಗೆ ಕೊಟ್ಟರು. ನನಗೆ. ನಾನು ಹೊತ್ತೆ. ಮತ್ತಿ ಮರದ ಆ ಶಿಲುಬೆ ಎಷ್ಟು ಭಾರವೆಂದು ನಿನಗೆ ಗೊತ್ತಿದೆ. ದಾರಿಯುದ್ದಕ್ಕೂ ನನ್ನ ಹಿಂದೆ ಒಂದು ದನಿ ಗಟ್ಟಿಯಾಗಿ, ಒಂದಿಷ್ಟೂ ಕಹಿಯಿಲ್ಲದೆ ಹಾಡುತ್ತಿತ್ತು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ದನಿ ಯಾರದೆಂದು ನೋಡಿ ತಿಳಿಯಬೇಕಾಗಿಯೂ ಇರಲಿಲ್ಲ.

ತೊಲೆಯನ್ನು ಎರಡು ತುಂಡು ಮಾಡಿ ಬೆಸೆಯಬೇಕಾಯಿತು. ಬೆಸುಗೆಯ ಕೆಳಗೆ ಆಸರೆಗೆಂದು ಇಗರ್ಜಿಯ ನಟ್ಟನಡುವೆ ಒಂದು ಕಂಬ ಬಂತು. ಯಾವ ಇಗರ್ಜಿಯಲ್ಲಿಯೂ ಇಲ್ಲದ ಕಂಬ. ಅದರ ಹಿಂದೆ ಕೂತವರಿಗೆ ಪೀಠ ಕಾಣುವುದಿಲ್ಲ. ಮಕ್ಕಳು ಕೂಡ ಅದನ್ನು ಬಸ್ತ್ಯಾಂವನ ಕಂಬ ಎಂದು ಕರೆಯತೊಡಗಿದರು. "ಬಸ್ತ್ಯಾಂವನ ಕಂಬ ಅಡ್ಡ ಬಂತು" ಎಂಬುದು ಕೇರಿಯ ಗಾದೆಯಾಯಿತು. ನೀನು ಅಂದಿನಿಂದ ಅದರ ಹಿಂದೆಯೇ ಕೂರತೊಡಗಿದೆ. ಯಾರಾದರೂ ಅಲ್ಲಿ ಕೂರಲೇಬೇಕಲ್ಲ, ನಾನೇ ಕೂತರಾಯಿತು ಎಂಬಂತೆ.

1962ರಲ್ಲಿ ನಾನು ಶಿರಸಿಯ ಸಾಮಿಲ್ಲಿಗೆ ಬಂದೆ. ಯಂತ್ರದ ಗರಗಸಕ್ಕೆ ಹೊಂಡ ಬೇಡ, ಜೋಡಿಯೂ ಬೇಡ. ಊರಿಗೆ ಬರುವುದು ಕಡಿಮೆಯಾಯಿತು. ಕೆಲಸ ಹೆಚ್ಚು ಎನ್ನುತ್ತಿದ್ದೆ. ಕಾರಣ ಕೆಲಸವಲ್ಲ, ಕಂಬ.

ಈ ಜನವರಿಯಲ್ಲಿ ಶಿರಸಿಯ ಕಣ್ಣಿನ ಶಿಬಿರಕ್ಕೆ ಕತ್ರೀನ್ ನಿನ್ನನ್ನು ಕೈಹಿಡಿದು ಕರೆತಂದಳು. ಡಾಕ್ಟರರು ದೀಪ ಹಿಡಿದು ನೋಡಿ, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಗೀರು ಬಿದ್ದು ಬಿದ್ದು ಕಣ್ಣು ಬಿಳಿಗಟ್ಟಿದೆ, ಇದಕ್ಕೆ ಇಲ್ಲಿ ಮಾಡುವಂಥದ್ದು ಏನೂ ಇಲ್ಲ ಅಂದರು. ಆಗ ನಾನು ಲೆಕ್ಕ ಹಾಕಿದೆ. ಒಂಬತ್ತು ವರ್ಷದ ಮಧ್ಯಾಹ್ನಗಳು. ಪದ್ಧತಿಯ ಪ್ರಕಾರ ಅಷ್ಟೂ ಮಧ್ಯಾಹ್ನಗಳ ಹುಡಿ ನನ್ನ ಕಣ್ಣಿಗೆ ಬೀಳಬೇಕಾಗಿತ್ತು. ನಾನು ಇಂದು ಸಣ್ಣ ಅಕ್ಷರದ ಪತ್ರಿಕೆಯನ್ನು ಕನ್ನಡಕವಿಲ್ಲದೆ ಓದುತ್ತೇನೆ, ದಾದಾ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಯಲ್ಲಾಪುರದ ಬಸ್ಸಿಗೆ ಕಾಯುತ್ತಾ ಕೂತಿದ್ದೆವು. ಕತ್ರೀನ್ ಚಹಾ ತರಲು ಹೋಗಿದ್ದಳು. ಎಂಟು ವರ್ಷದಲ್ಲಿ ಮೊದಲ ಬಾರಿ ನಾನು ಕೇಳಿದೆ, ಅಂದು ಹೊಂಡದಿಂದ ಯಾಕೆ ಹಾಗೆ ಹೇಳಿದೆ ಎಂದು. ಉತ್ತರವೂ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ನನ್ನದು ಹೊಸ ಮದುವೆ, ಅಂದಾನಪ್ಪ ತಂಡದಿಂದ ತೆಗೆದುಬಿಡುತ್ತಿದ್ದ, ಅದಕ್ಕೆ ಎಂದು.

ನೀನು ಅಂದದ್ದನ್ನು ಒಂದಕ್ಷರವೂ ಬಿಡದೆ ಬರೆಯುತ್ತೇನೆ: "ಕೆಲಸದ ಮಾತಲ್ಲೋ. ನೀ ಉಪಾಸ ದೇವರಿಗಂತ ಮಾಡಿದ್ದಿ. ಉಪಾಸದಿಂದ ತೊಲಿ ಕೆಟ್ಟತು ಅಂದಿದ್ರ ಮಂದಿ ನಗ್ತಿದ್ರು. ದೇವರಿಗೆ ಕೊಟ್ಟಿದ್ದನ್ನ ಮಂದಿ ನಗಬಾರದು. ನನ್ನ ನಕ್ರ ಏನಾತು? ನಗೂದು ನನ್ನ ಗಂಜೀಗೆ, ಅಷ್ಟ."

ನನ್ನ ಉಪವಾಸ ದೇವರಿಗಾಗಿ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ನೀನು ಮಾತ್ರ ಅದನ್ನು ನಿಜವೆಂದು ನಂಬಿ, ಅದರ ಮರ್ಯಾದೆಗಾಗಿ ನಿನ್ನ ಹೆಸರನ್ನೇ ಒಲೆಗೆ ಹಾಕಿದ್ದೆ. ಆ ಮೇಲೆ ಇನ್ನೊಂದನ್ನು ಕೇಳಿದೆ. ದೇವರ ಮೇಲೆ ಸಿಟ್ಟು ಬರಲಿಲ್ಲವೇ, ಕಣ್ಣು ಹೋಯಿತಲ್ಲ ಎಂದು. "ಹೊಂಡದಾಗ ನಿಂತಾಂವಗ ಗೆರಿ ಎಂದಾದ್ರೂ ಕಂಡದೇನು? ನನಗ ರೂಢಿ ಐತಿ. ಗರಗಸ ಬಂದಾಗ ಎಳೀಬೇಕು, ಅಷ್ಟ" ಅಂದೆ. ಕತ್ರೀನ್ ತಂದ ಚಹಾದ ಮೇಲೆ ಶಿಲುಬೆಯ ಗುರುತು ಹಾಕಿ ಕುಡಿದೆ. ಸಕ್ಕರೆ ಕಡಿಮೆ ಎಂದು ಅವಳನ್ನು ಗದರಿದೆ. ಬಸ್ಸು ಬಂತು, ಹತ್ತಿ ಹೋದೆ.

ನಾನು ಕಟ್ಟೆಯ ಮೇಲೆ ಇನ್ನೂ ಎರಡು ಬಸ್ಸು ಹೋಗುವಷ್ಟು ಹೊತ್ತು ಕೂತಿದ್ದೆ. ಉಪದೇಶಗಳನ್ನು ಬಹಳ ಕೇಳಿದ್ದೇನೆ. ತನ್ನನ್ನು ಬಿಟ್ಟುಕೊಡುವುದೆಂದರೆ ಬೆಟ್ಟದ ಮೇಲಿನ ಸಂತರ ಕೆಲಸವೆಂದು ತಿಳಿದಿದ್ದೆ. ಅದು ಮೂರು ಮೊಳ ದೂರದಲ್ಲಿ, ನನ್ನ ಕಾಲ ಕೆಳಗಿನ ಹೊಂಡದಲ್ಲಿ, ತಲೆಗೆ ಪಂಚೆಯ ತುಂಡು ಸುತ್ತಿಕೊಂಡು ದಿನಕ್ಕೆ ಒಂಬತ್ತು ಗಂಟೆ ನಡೆಯುತ್ತಿತ್ತು. ಗಂಜಿ ಉಂಡು, ಚೌಡನ ಜೊತೆ ನಕ್ಕು ನಡೆಯುತ್ತಿತ್ತು. ನಾನು ಕೆಳಗೆ ನೋಡಿರಲಿಲ್ಲ. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಇಗರ್ಜಿಯ ಪೀಠದ ಎದುರೂ ನನಗೆ ಇಂಥ ಭಯಭಕ್ತಿ ಹುಟ್ಟಿರಲಿಲ್ಲ.

ಕೇರಿಯ ಹಿರಿಯರೇ, ತಾಯಂದಿರೇ, ಈಗ ನಿಮಗೆ ಹೇಳುತ್ತೇನೆ. ತೊಲೆ ಕೆಡಿಸಿದವನು ನಾನು. ಗೊತ್ತಾಗಲಿಲ್ಲ ಎಂದದ್ದು ಸುಳ್ಳು. 1958ರ ಶಿಲುಬೆ, ಮುಂದಿನ ಮೂರು ವರ್ಷಗಳ ಶಿಲುಬೆ, ನಾನು ಹೊರಬಾರದಾಗಿದ್ದವು. ಕತ್ರೀನ್ ನಿಂತಿರುವ ಕಂಬ ನನ್ನದು. ಇಂದಿನಿಂದ ಅದನ್ನು ಇನಾಸನ ಕಂಬ ಎಂದು ಕರೆಯಿರಿ. ಮಕ್ಕಳಿಗೂ ಹಾಗೆಯೇ ಕಲಿಸಿ, ಯಾಕೆ ಎಂಬುದನ್ನೂ ಹೇಳಿ.

ದಾದಾ, ನಿನಗೆ ಸಿಟ್ಟು ಬಂದಿರುತ್ತದೆ. ದೇವರಿಗೆ ಕೊಟ್ಟದ್ದನ್ನು ನಾನೇ ಜನರ ನಗೆಗೆ ಇಟ್ಟೆ ಎಂದುಕೊಳ್ಳಬೇಡ. ಆ ಉಪವಾಸವನ್ನು ದೇವರಿಗೆ ನಾನು ಕೊಟ್ಟೇ ಇರಲಿಲ್ಲ. ಅವನಿಗೆ ಕೊಡಲು ನನ್ನ ಹತ್ತಿರ ನಿಜವಾಗಿ ಇರುವುದು ಈ ಒಂದು ಪತ್ರ. ನಗುವವರು ನಗಲಿ.

ಶುಭ ಶುಕ್ರವಾರ ಏಪ್ರಿಲ್ ಎಂಟಕ್ಕೆ ಬರುತ್ತದೆ. ಹಿಂದಿನ ದಿನವೇ ಬರುತ್ತೇನೆ. ಶಿಲುಬೆಯನ್ನು ಈ ಸಲ ನಿನ್ನ ಹೆಗಲಿಗೆ ಕೊಡಬೇಕೆಂದು ಹಿರಿಯರಲ್ಲಿ ಬೇಡಿಕೊಳ್ಳುತ್ತೇನೆ. ದಾರಿ ಕಾಣುವುದಿಲ್ಲವಲ್ಲ ಎಂದು ಯಾರಾದರೂ ಅಂದರೆ, ದಾರಿ ನೋಡುವ ಕೆಲಸ ನನಗಿರಲಿ. ಈ ಸಲ ಉಂಡು ಬರುತ್ತೇನೆ. ಕಂಬದ ಹಿಂದೆ, ನಿನ್ನ ಪಕ್ಕದಲ್ಲಿ, ಒಬ್ಬನಿಗೆ ಆಗುವಷ್ಟು ಜಾಗ ಹಿಡಿದಿಡು.

ನಿನ್ನನ್ನು ಆ ಹೊಂಡದಲ್ಲಿ ಕೈಬಿಡದೆ ಕಾಯ್ದ ದೇವರು ನಿನ್ನ ಮನೆಯನ್ನೂ ಕಾಯಲಿ. ಕತ್ರೀನ್‌ಗೆ ಒಳ್ಳೆಯದಾಗಲಿ. ಆಶೀರ್ವಾದ ಮಾಡುವ ವಯಸ್ಸು ನಿನ್ನದು, ಬೇಡುವುದು ನನ್ನದು. ತಲೆಬಾಗಿದ್ದೇನೆ, ಕೈಯಿಡು.

ನಿನ್ನ ಜೋಡಿ,
ಇನಾಸ