ಈ ಮರಿಯಮಾತೆ ಯಾರ ಕೈಕೆಲಸ?

ಸಿಯೆನಾ
ಸಂತ ಲೂಕನ ಹಬ್ಬದ ಮರುದಿನ, ೧೩೩೮

ಪ್ರೀತಿಯ ಚೆಕ್ಕೊ ಅವರಿಗೆ, ನಿಮ್ಮ ತೆಸ್ಸಾ ಮಾಡುವ ವಂದನೆಗಳು.

ಆರೋಗ್ಯವೇ? ಆ ಕೆಮ್ಮು ಬಿಟ್ಟಿತೇ? ಪಿಸ್ತೋಯಾದ ಚಳಿಯಲ್ಲಿ ಟೋಪಿಯಿಲ್ಲದೆ ಓಡಾಡುತ್ತಿದ್ದೀರಿ ಎಂದೇ ನನ್ನ ಎಣಿಕೆ. ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಪಿಯಾಳಿಗೆ ಹಲ್ಲು ಬಂದಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ.

ನೀವು ಕಳಿಸಿದ ಮರಿಯಮಾತೆಯ ಚಿತ್ರಫಲಕ ಬಂದು ತಲುಪಿತು. ಬರೆದುಕೊಡಲು ನಿಮಗೆ ಹೇಳಿದ್ದ ಉಣ್ಣೆ ಹಿಂಜುವವರ ಸಂಘಕ್ಕೆ ಒಪ್ಪಿಸುವ ಮೊದಲು ಒಮ್ಮೆ ನೋಡೋಣವೆಂದು ಗೋಣಿ ಬಿಚ್ಚಿದೆ. ಚಿನ್ನದ ರೇಕು ಚೆನ್ನಾಗಿ ಕೂತಿದೆ, ನೀಲಿ ಸೆರಗು ಕಣ್ಣು ತುಂಬುವಂತಿದೆ. ಆದರೆ ಮಗುವನ್ನು ಹಿಡಿದ ಆ ಕೈ ನೋಡಿ ಫಲಕವನ್ನು ಬೆಳಕಿಗೆ ತಿರುಗಿಸಿದೆ. ನೀವು ಬರೆಯುವ ಮಾತೆಯರ ಬೆರಳು ಮೇಣದಬತ್ತಿಯಂತೆ ನೀಳ, ಗೆಣ್ಣೇ ಇರುವುದಿಲ್ಲ. "ಇಂಥ ಕೈಲಿ ಎತ್ಕೊಂಡ್ರೆ ಮಗು ಜಾರಿ ಬೀಳತ್ತೆ ಅಷ್ಟೆ" ಎಂದು ನಾನು ಎಷ್ಟು ಸಲ ನಗಾಡಿಲ್ಲ! ಈಕೆಯದು ಬಟ್ಟೆ ಒಗೆದ ಕೈ. ಗೆಣ್ಣು ಎದ್ದು ಕಾಣುತ್ತದೆ, ಮಗುವಿನ ತೊಡೆಯನ್ನು ಒತ್ತಿ ಹಿಡಿದಿದ್ದಾಳೆ. ಇದು ನಿಮ್ಮ ಕೆಲಸದಂತಿಲ್ಲ.

ಪಕ್ಕದ ಮನೆಯ ಲಿಪ್ಪಾ ಇಣುಕಿದವಳೇ, "ಮುಖ ನೋಡೇ, ಯಾವಳನ್ನೋ ಎದುರಿಗೆ ಕೂರಿಸ್ಕೊಂಡೇ ಬರೆದಿದಾನೆ ನಿನ್ನ ಗಂಡ. ಅಲ್ಲೊಂದು ಒಲೆ ಹೊತ್ತಿಸಿದಾನೋ ಏನೋ" ಎಂದು ಬೆಂಕಿ ಹಚ್ಚಿ ಹೋದಳು. ದಿನವಿಡೀ ನಾನು ಆ ಮುಖವನ್ನೇ ದುರುಗುಟ್ಟಿಕೊಂಡು ಕೂತೆ. ಪ್ರಾರ್ಥನೆ ಮಾಡಬೇಕಾದ ಮುಖವನ್ನು! ಮನಸ್ಸು ತಡೆಯದೆ, ಫಲಕ ಹೊತ್ತು ತಂದ ಹೇಸರಗತ್ತೆಯ ಬಿಂದೊನನ್ನು ಕರೆಸಿ, ಕಡಲೆ ಸಾರು ಬಡಿಸಿ, "ಅಲ್ಲಿ ಯಾವಳಾದ್ರೂ ಇದಾಳಾ? ನಿಜ ಹೇಳು" ಎಂದೆ. "ಅಯ್ಯೋ ತಾಯಿ, ರೊಟ್ಟಿ ಮುರ್ಕೊಳ್ಳೋಕೇ ಆಗ್ದೇ ಇರೋನಿಗೆ ಇನ್ನು ಹೆಂಗಸಿನ ಸಹವಾಸ ಬೇರೆ..." ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ. ಆಮೇಲೆ ಎಷ್ಟು ಕೆದಕಿದರೂ "ಸಾರು ಚೆನ್ನಾಗಿದೆ" ಎನ್ನುವುದೊಂದೇ ಮಾತು.

ನಿನ್ನೆ ಸಂಘದ ಹಿರಿಯರು ಬಂದು ಫಲಕ ಒಯ್ದರು. ಒಬ್ಬರು ಹತ್ತಿರ ಬಗ್ಗಿ ನೋಡಿ, "ಇದು ಚೆಕ್ಕೊನ ಕೈಯದೇ ತಾನೆ?" ಎಂದರು. "ಮತ್ಯಾರದ್ದು ಅಂತೀರಿ?" ಎಂದು ಪ್ರಶ್ನೆಯನ್ನು ಅವರಿಗೇ ತಿರುಗಿಸಿದೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ದೇವಮಾತೆ ನಿಮ್ಮನ್ನು ಕಾಯಲಿ.

ನಿಮ್ಮವಳೇ ಆದ
ತೆಸ್ಸಾ

ಇನ್ನೊಂದು ಮಾತು. ಬಿಂದೊ ಹೊರಟು ನಿಂತಿದ್ದಾನೆ, ಅವಸರದಲ್ಲಿ ಗೀಚುತ್ತಿದ್ದೇನೆ. ಆ ರೊಟ್ಟಿಯ ಮಾತಿನಲ್ಲಿ ಅವನು ನುಂಗಿಕೊಂಡದ್ದು ನನಗೆ ಅರ್ಥವಾಗಿದೆ. ನಿಮ್ಮ ಬಲಗೈ ಹೋಗಿದೆ, ಅಲ್ಲವೇ? ಗೋಡೆಗೆ ಚಿತ್ರ ಬರೆಯುವ ಅಟ್ಟಣೆಯಿಂದ ಬಿದ್ದಿರಾ? ನನ್ನಿಂದ ಏಕೆ ಮುಚ್ಚಿಟ್ಟಿರಿ? ಆ ಮಾತೆಯನ್ನು ಬರೆದವರು ಯಾರೇ ಆಗಲಿ, ನಿಮ್ಮ ಮಾನ ಉಳಿಸಿದ್ದಾರೆ. ಅವರಿಗೆ ನನ್ನ ನಮಸ್ಕಾರ ಹೇಳಿ, ಹೆಸರು ನಾನು ಕೇಳುವುದಿಲ್ಲ. ಬಿಂದೊನೊಂದಿಗೆ ಹೊರಟು ಬನ್ನಿ. ನಾಚಿಕೆಯೆಂದು ಅಲ್ಲೇ ಕೂತರೆ, ಪಿಯಾಳನ್ನು ಸೊಂಟಕ್ಕೇರಿಸಿಕೊಂಡು ನಾನೇ ಬರುತ್ತೇನೆ.